ರೂಪಾಯಿಗಿಲ್ಲದ ಫಂಕ್ಷನ್: ಸ್ಪ್ರೆಡ್‌ಶೀಟಿಗೆ ನಮ್ಮದೇ ಸೂತ್ರ ಸೇರಿಸುವ ದಾರಿಗಳು

ಎಕ್ಸೆಲ್‌ನಲ್ಲಿ ಬಾತ್‌ಟೆಕ್ಸ್ಟ್ ಎಂಬ ಫಂಕ್ಷನ್ ಇದೆ. ಅದಕ್ಕೊಂದು ಸಂಖ್ಯೆ ಕೊಟ್ಟರೆ ಸಾಕು, ಥಾಯ್ಲೆಂಡಿನ ನಾಣ್ಯವಾದ ಬಾತ್‌ನಲ್ಲಿ ಆ ಮೊತ್ತವನ್ನು ಥಾಯ್ ಅಕ್ಷರಗಳಲ್ಲಿ ಬರೆದುಕೊಡುತ್ತದೆ. ರೂಪಾಯಿಗೆ ಅಂಥದ್ದಿಲ್ಲ. ಚೆಕ್ಕು, ರಸೀದಿ, ಬಿಲ್ಲು, ಕರಾರು ಪತ್ರ ಹೀಗೆ ಮೊತ್ತವನ್ನು ಅಕ್ಷರಗಳಲ್ಲೂ ಬರೆಯಬೇಕಾದ ಕಾಗದಗಳು ನಮ್ಮಲ್ಲಿ ದಿನವೂ ರಾಶಿ ರಾಶಿ ತಯಾರಾಗುತ್ತವೆ. ಮೈಕ್ರೋಸಾಫ್ಟ್ ಮಾದರಿಯಾಗಿ ಕೊಟ್ಟಿರುವ ಸ್ಪೆಲ್‌ನಂಬರ್ ಎಂಬ ಕೋಡ್ ಇದೆ ನಿಜ. ಆದರೆ ಅದು ಡಾಲರ್ ಮತ್ತು ಸೆಂಟಿಗೆ ಬರೆದದ್ದು, ಮಿಲಿಯನ್ ಬಿಲಿಯನ್ ಎಂದು ಎಣಿಸುತ್ತದೆ. ಅದನ್ನೇ ಲಕ್ಷ, ಕೋಟಿಗೆ ತಿದ್ದಿಕೊಂಡು ಬಳಸುವುದು ನಮ್ಮ ಲೆಕ್ಕಪತ್ರದ ಕಚೇರಿಗಳ ವಾಡಿಕೆ. ತಿದ್ದಿದವರು ಯಾರು, ಸರಿಯಾಗಿ ತಿದ್ದಿದ್ದಾರೆಯೇ ಎಂದು ಕೇಳಿದರೆ ಬಹಳ ಕಡೆ ಉತ್ತರ ಸಿಗುವುದಿಲ್ಲ.

ಸ್ಪ್ರೆಡ್‌ಶೀಟಿಗೆ ಸ್ವಂತ ಫಂಕ್ಷನ್ ಬರೆಯುವುದು ಇವತ್ತು ಕಷ್ಟದ ಕೆಲಸವಲ್ಲ. ಅದಕ್ಕೆ ಐದಾರು ದಾರಿಗಳಿವೆ, ಕೆಲವು ಒಂದು ಮಧ್ಯಾಹ್ನದಲ್ಲಿ ಕಲಿಯುವಂಥವು. ಕಷ್ಟ ಶುರುವಾಗುವುದು ಬರೆದ ಮೇಲೆ. ಫಂಕ್ಷನ್ ಎಲ್ಲಿ ಇರಬೇಕು, ಫೈಲು ಇನ್ನೊಬ್ಬರ ಕೈಗೆ ಹೋದಾಗ ಅದೂ ಜೊತೆಗೆ ಹೋಗುತ್ತದೆಯೇ, ನಿಯಮ ಬದಲಾದಾಗ ಯಾರು ತಿದ್ದಬೇಕು ಎಂಬ ಪ್ರಶ್ನೆಗಳು ಆಗ ಏಳುತ್ತವೆ. ದಾರಿ ಆರಿಸುವಾಗ ಮೊದಲು ನೋಡಬೇಕಾದದ್ದು ಇವನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಅಗತ್ಯ ಹೊಸದೇನಲ್ಲ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂದಾಗ ಅದರಲ್ಲಿದ್ದದ್ದು ಕೆಲವೇ ಸಿದ್ಧ ಫಂಕ್ಷನ್‌ಗಳು ಮಾತ್ರ. 1983ರಲ್ಲಿ ಬಂದ ಲೋಟಸ್ 1-2-3 ಮುಂದಿನ ಆವೃತ್ತಿಗಳಲ್ಲಿ ಹೊರಗಿನವರು ಬರೆದು ಸೇರಿಸುವ ಆಡ್‌-ಇನ್‌ಗಳಿಗೆ ಬಾಗಿಲು ತೆರೆಯಿತು. ಎಕ್ಸೆಲ್ 1985ರಲ್ಲಿ ಮ್ಯಾಕ್‌ಗೆ, 1987ರಲ್ಲಿ ವಿಂಡೋಸ್‌ಗೆ ಬಂತು. ಮೊದಮೊದಲು ಮ್ಯಾಕ್ರೋ ಶೀಟಿನ ಸೆಲ್‌ಗಳಲ್ಲೇ ಸಾಲುಸಾಲಾಗಿ ಆಜ್ಞೆ ಬರೆಯಬೇಕಿತ್ತು. 1993ರ ಎಕ್ಸೆಲ್ 5ರಲ್ಲಿ ವಿಬಿಎ, ಅಂದರೆ ವಿಷುವಲ್ ಬೇಸಿಕ್ ಫಾರ್ ಅಪ್ಲಿಕೇಷನ್ಸ್, ಸೇರಿದ ಮೇಲೆ ಸ್ವಂತ ಫಂಕ್ಷನ್ ಸಾಮಾನ್ಯ ಬಳಕೆದಾರರ ಕೈಗೂ ಸಿಕ್ಕಿತು. ಮೈಕ್ರೋಸಾಫ್ಟ್ ತಾನೇ ಕೆಲವು ಫಂಕ್ಷನ್‌ಗಳನ್ನು ಅನಾಲಿಸಿಸ್ ಟೂಲ್‌ಪ್ಯಾಕ್ ಎಂಬ ಆಡ್‌-ಇನ್‌ನಲ್ಲಿ ಇಟ್ಟಿತ್ತು. ಇವತ್ತು ಮ್ಯೂಚುವಲ್ ಫಂಡಿನ ಎಸ್‌ಐಪಿ ಕಟ್ಟುವವರು ತಮ್ಮ ಲಾಭ ಲೆಕ್ಕ ಹಾಕಲು ಬಳಸುವ ಎಕ್ಸ್‌ಐಆರ್‌ಆರ್ ಹೀಗೆ ಆಡ್‌-ಇನ್ ಆಗಿದ್ದದ್ದೇ. 2007ರ ಎಕ್ಸೆಲ್‌ನಲ್ಲಿ ಅದು ಮೂಲ ತಂತ್ರಾಂಶದೊಳಗೆ ಬಂತು. ಅಲ್ಲಿಯವರೆಗೆ, ಟೂಲ್‌ಪ್ಯಾಕ್‌ಗೆ ಟಿಕ್ ಹಾಕದ ಕಂಪ್ಯೂಟರಿನಲ್ಲಿ ಆ ಫೈಲು ತೆರೆದು ಲೆಕ್ಕ ಹಾಕಿಸಿದರೆ ಉತ್ತರದ ಜಾಗದಲ್ಲಿ '#ನೇಮ್?' ಎಂಬ ದೋಷ ಬರುತ್ತಿತ್ತು.

ವಿಬಿಎ ದಾರಿಯಿಂದಲೇ ಶುರುಮಾಡೋಣ, ಈಗಲೂ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅದೇ. ಆಲ್ಟ್ ಒತ್ತಿ ಹಿಡಿದು ಎಫ್11 ಒತ್ತಿದರೆ ಎಡಿಟರ್ ತೆರೆಯುತ್ತದೆ. ಒಂದು ಮಾಡ್ಯೂಲ್ ಸೇರಿಸಿ ಫಂಕ್ಷನ್ ಬರೆದು, ಫೈಲನ್ನು ಎಕ್ಸೆಲ್ ಆಡ್‌-ಇನ್ ಆಗಿ ಉಳಿಸಿ, ಆಡ್‌-ಇನ್‌ಗಳ ಪಟ್ಟಿಯಲ್ಲಿ ಟಿಕ್ ಹಾಕಿದರೆ ಆ ಕಂಪ್ಯೂಟರಿನ ಎಲ್ಲ ಶೀಟುಗಳಲ್ಲೂ ಅದು ಸಿಗುತ್ತದೆ. ಕಟ್ಟುಪಾಡು ಎರಡು. ಸೆಲ್ಲಿನಿಂದ ಕರೆದ ಫಂಕ್ಷನ್ ಉತ್ತರ ಕೊಡಬಹುದೇ ಹೊರತು ಬೇರೆ ಸೆಲ್‌ಗಳನ್ನು ತಿದ್ದುವಂತಿಲ್ಲ. ಜೊತೆಗೆ, ಅದಕ್ಕೆ ಬೇಕಾದ ಎಲ್ಲವನ್ನೂ ಆವರಣದೊಳಗಿನ ಆರ್ಗ್ಯುಮೆಂಟುಗಳ ಮೂಲಕವೇ ಕೊಡಬೇಕು. ಕೋಡಿನ ಒಳಗಿಂದಲೇ ಯಾವುದೋ ಸೆಲ್ಲನ್ನು ಓದಿಕೊಂಡರೆ ಆ ಸೆಲ್ ಬದಲಾದದ್ದು ಎಕ್ಸೆಲ್‌ಗೆ ಗೊತ್ತಾಗುವುದಿಲ್ಲ, ಹಳೆಯ ಉತ್ತರವೇ ಶೀಟಿನಲ್ಲಿ ಉಳಿದುಬಿಡುತ್ತದೆ. ಇದಕ್ಕೆ ಪರಿಹಾರವೆಂದು ಫಂಕ್ಷನ್ನನ್ನು ವೊಲಟೈಲ್ ಎಂದು ಘೋಷಿಸುವವರಿದ್ದಾರೆ. ಆಗ ಶೀಟಿನಲ್ಲಿ ಎಲ್ಲಿ ಏನು ಬದಲಾದರೂ ಅದು ಮತ್ತೆ ಮತ್ತೆ ಓಡುತ್ತದೆ, ದೊಡ್ಡ ಫೈಲು ಉಸಿರುಕಟ್ಟಿ ನಿಲ್ಲುತ್ತದೆ.

ಹೆಸರಿಡುವುದರಲ್ಲೂ ಎಚ್ಚರ ಬೇಕು. ಹದಿನೆಂಟು ಶೇಕಡಾ ತೆರಿಗೆಗೆಂದು ಜಿಎಸ್‌ಟಿ18 ಎಂದು ಹೆಸರಿಟ್ಟರೆ ಫಂಕ್ಷನ್ ಕೆಲಸ ಮಾಡುವುದಿಲ್ಲ. 2007ರ ಆವೃತ್ತಿಯಿಂದ ಎಕ್ಸೆಲ್‌ನಲ್ಲಿ 16,384 ಕಾಲಂಗಳಿವೆ, ಕೊನೆಯದರ ಹೆಸರು ಎಕ್ಸ್‌ಎಫ್‌ಡಿ. ಜಿಎಸ್‌ಟಿ ಎಂಬ ಕಾಲಂ ಅದಕ್ಕಿಂತ ಮೊದಲೇ ಬರುವುದರಿಂದ ಜಿಎಸ್‌ಟಿ18 ಎಂದರೆ ಒಂದು ಸೆಲ್ಲಿನ ವಿಳಾಸ.

ಇನ್ನು ಮೊತ್ತವನ್ನು ಅಕ್ಷರಕ್ಕಿಳಿಸುವ ಫಂಕ್ಷನ್ನನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಂಗ್ಲಿಷ್ ಅಕ್ಷರಗಳಲ್ಲಾದರೆ ಕೋಟಿ, ಲಕ್ಷ, ಸಾವಿರ, ನೂರು ಎಂದು ಭಾಗಿಸುತ್ತ ಹೋಗಿ ಪದಗಳನ್ನು ಸಾಲಾಗಿ ಜೋಡಿಸಿದರೆ ಮುಗಿಯಿತು. ಕನ್ನಡದಲ್ಲಿ ಹಾಗೆ ಮಾಡಿದರೆ ಓದುವವರು ಮುಖ ಸಿಂಡರಿಸುತ್ತಾರೆ. 1,25,350 ಎಂದರೆ 'ಒಂದು ಲಕ್ಷದ ಇಪ್ಪತ್ತೈದು ಸಾವಿರದ ಮುನ್ನೂರ ಐವತ್ತು'. ಮುಂದೆ ಏನೂ ಇಲ್ಲದಿದ್ದರೆ ಲಕ್ಷ, ಇದ್ದರೆ ಲಕ್ಷದ. ಒಂಟಿಯಾಗಿದ್ದರೆ ಮುನ್ನೂರು, ಬಾಲ ಇದ್ದರೆ ಮುನ್ನೂರ. ನೂರರ ಸ್ಥಾನದಲ್ಲಿ ಇನ್ನೂರು, ನಾನೂರು, ಐನೂರು, ಒಂಬೈನೂರು ಎಂದು ಒಂದೊಂದಕ್ಕೂ ಅದರದೇ ರೂಪ. ಹಾಗಾಗಿ ಪದಗಳನ್ನು ಲೆಕ್ಕದಿಂದ ಹುಟ್ಟಿಸುವ ಬದಲು ಪಟ್ಟಿಯಲ್ಲೇ ಇಡುವುದು ಒಳ್ಳೆಯದು: 1ರಿಂದ 99ರವರೆಗಿನ ಪದಗಳು, ನೂರರ ಒಂಬತ್ತು ಪದಗಳಿಗೆ ಎರಡೆರಡು ರೂಪ, ಸಾವಿರ, ಲಕ್ಷ, ಕೋಟಿಗೂ ಎರಡೆರಡು, ಜೊತೆಗೆ ಸೊನ್ನೆ, ರೂಪಾಯಿ, ಪೈಸೆ. ಸುಮಾರು 125 ಪದಗಳಲ್ಲಿ ಕೆಲಸ ಆಗುತ್ತದೆ.

ಆ ಪಟ್ಟಿಯನ್ನು ಎಲ್ಲಿಡಬೇಕು? ವಿಬಿಎ ಎಡಿಟರಿಗೆ ಯುನಿಕೋಡ್ ಬರುವುದಿಲ್ಲ. ಅದರೊಳಗೆ ಕನ್ನಡ ಪದ ಅಂಟಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ. ಅಕ್ಷರಗಳ ಸಂಕೇತ ಸಂಖ್ಯೆಗಳನ್ನು ಕೊಟ್ಟು ಪದ ಕಟ್ಟಬಹುದು: 'ಒಂದು' ಎಂಬುದಕ್ಕೆ 3218, 3202, 3238, 3265 ಎಂಬ ನಾಲ್ಕು ಸಂಖ್ಯೆಗಳು. 125 ಪದಗಳನ್ನು ಹೀಗೆ ಬರೆದರೆ ಅಕ್ಷರ ತಪ್ಪು ಹುಡುಕಲು ಯಾರಿಂದಲೂ ಆಗದು. ಆಡ್‌-ಇನ್ ಫೈಲೂ ಒಂದು ವರ್ಕ್‌ಬುಕ್ಕೇ ಆದ್ದರಿಂದ ಅದರ ಒಳಗಿನ ಶೀಟಿನಲ್ಲಿ ಪದಗಳನ್ನು ನೇರವಾಗಿ ಕನ್ನಡದಲ್ಲೇ ಬರೆದಿಟ್ಟು, ಕೋಡು ಅಲ್ಲಿಂದ ಓದಿಕೊಳ್ಳುವಂತೆ ಮಾಡುವುದು ಮೇಲು. ಲೆಕ್ಕದ ನಡುವೆ ಬದಲಾಗದ ಪಟ್ಟಿಯಾದ್ದರಿಂದ ಮೇಲೆ ಹೇಳಿದ ಆರ್ಗ್ಯುಮೆಂಟಿನ ಕಟ್ಟುಪಾಡು ಇಲ್ಲಿ ಅಡ್ಡಬರುವುದಿಲ್ಲ. ಕೋಡು ಬಾರದ, ಕನ್ನಡ ಚೆನ್ನಾಗಿ ಬಲ್ಲ ಒಬ್ಬರು ಆ ಶೀಟನ್ನು ಓದಿ ತಿದ್ದಿಕೊಡಬಹುದು.

ಲೆಕ್ಕದ ಬದಿಯಲ್ಲಿ ಹಳ್ಳಗಳು ಬೇರೆ ಇವೆ. ವಿಬಿಎಯ ಇಂಟಿಜರ್ 32,767ಕ್ಕೇ ಮುಗಿಯುತ್ತದೆ. ಲಾಂಗ್ ಎಂಬ ಬಗೆ ತೆಗೆದುಕೊಂಡರೆ 2,147,483,647, ಅಂದರೆ ನಮ್ಮ ಎಣಿಕೆಯಲ್ಲಿ 214 ಕೋಟಿ ಚಿಲ್ಲರೆ. ಅಂಗಡಿಯ ಬಿಲ್ಲಿಗೆ ಧಾರಾಳವಾಯಿತು, ಒಂದು ಇಲಾಖೆಯ ಬಜೆಟ್ಟಿಗೆ ಸಾಲದು. ಕರೆನ್ಸಿ ಎಂಬ ಬಗೆ ದಶಮಾಂಶದ ನಾಲ್ಕು ಸ್ಥಾನಗಳನ್ನು ಇಟ್ಟುಕೊಂಡೂ 922 ಲಕ್ಷ ಕೋಟಿಯವರೆಗೆ ಹಿಡಿಸುತ್ತದೆ, ಹಣದ ಲೆಕ್ಕಕ್ಕೆ ಅದೇ ಸರಿ. ರೌಂಡ್ ಮಾಡುವಾಗಲೂ ಶೀಟು ಮತ್ತು ವಿಬಿಎ ಒಂದೇ ಥರ ನಡೆದುಕೊಳ್ಳುವುದಿಲ್ಲ. 2.5 ಅನ್ನು ಶೀಟಿನ ರೌಂಡ್ 3 ಮಾಡುತ್ತದೆ, ವಿಬಿಎಯ ರೌಂಡ್ 2 ಮಾಡುತ್ತದೆ, ಏಕೆಂದರೆ ಅದು ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಪೈಥಾನ್‌ನದೂ ಇದೇ ರೀತಿ. ಜಾವಾಸ್ಕ್ರಿಪ್ಟಿನಲ್ಲಿ 1.15 ಅನ್ನು 100ರಿಂದ ಗುಣಿಸಿದರೆ 115ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಅದರ ಪೂರ್ಣಾಂಕ ಮಾತ್ರ ಕತ್ತರಿಸಿಕೊಂಡರೆ ಒಂದು ರೂಪಾಯಿ ಹದಿನಾಲ್ಕು ಪೈಸೆ ಆಗುತ್ತದೆ. ಒಂದು ಪೈಸೆಯ ಈ ವ್ಯತ್ಯಾಸ ಹುಡುಕುತ್ತ ಕುಳಿತವರಿಗೆ ಅದರ ಬೆಲೆ ಗೊತ್ತು.

ಇಷ್ಟೆಲ್ಲ ಸರಿಮಾಡಿದ ಆಡ್‌-ಇನ್ ಬರೆದವರ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಫೈಲನ್ನು ಇನ್ನೊಬ್ಬರಿಗೆ ಮೇಲ್ ಮಾಡಿದಾಗ ಫಂಕ್ಷನ್ನಿನ ಹೆಸರಿನ ಹಿಂದೆ ಬರೆದವರ ಸಿ ಡ್ರೈವಿನ ಉದ್ದನೆಯ ದಾರಿ ಕಾಣಿಸಿಕೊಳ್ಳುತ್ತದೆ, ಉತ್ತರ ಮತ್ತೆ ಲೆಕ್ಕವಾಗುವುದಿಲ್ಲ. ಪಡೆದವರ ಬಳಿಯೂ ಅದೇ ಆಡ್‌-ಇನ್ ಇರಬೇಕು, ಇಲ್ಲವೇ ಕೋಡನ್ನು ಫೈಲಿನೊಳಗೇ ಇಟ್ಟು ಕಳಿಸಬೇಕು. ಒಳಗಿಟ್ಟರೆ ಮ್ಯಾಕ್ರೋ ಇರುವ ಫೈಲು ಎಂಬ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆಗೆ ಕಾರಣವೂ ಇದೆ: 1996ರಲ್ಲಿ ಲರೂ ಎಂಬ ವೈರಸ್ ಎಕ್ಸೆಲ್ ಮ್ಯಾಕ್ರೋಗಳ ಮೂಲಕ ಹರಡಿತು, 1999ರಲ್ಲಿ ವರ್ಡ್ ಫೈಲುಗಳ ಮೂಲಕ ಮೆಲಿಸ್ಸಾ ಜಗತ್ತಿನ ಮೇಲ್ ಸರ್ವರ್‌ಗಳನ್ನೇ ಕಂಗೆಡಿಸಿತು. 2022ರಿಂದ ಇಂಟರ್‌ನೆಟ್ಟಿನಿಂದ ಬಂದ ಫೈಲುಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿಯೇ ತಡೆಯುತ್ತಿದೆ. ಬ್ರೌಸರಿನಲ್ಲಿ ತೆರೆದ ಎಕ್ಸೆಲ್‌ನಲ್ಲಿ, ಫೋನಿನಲ್ಲಿ ವಿಬಿಎ ಓಡುವುದೇ ಇಲ್ಲ. ಹಾಗಾಗಿ ಒಂದೇ ಕೋಣೆಯ ನಾಲ್ಕಾರು ಜನರಿಗೆ ವಿಬಿಎ ಈಗಲೂ ಸಾಕು. ಹತ್ತು ಊರಿನ ಶಾಖೆಗಳಿಗೆ ಹೋಗುವ ಫೈಲಿಗೆ ಅದನ್ನು ಹೊಸದಾಗಿ ಆರಿಸಿಕೊಳ್ಳುವುದು ಇವತ್ತಿನ ದಿನ ಸರಿಯಲ್ಲ.

ವೇಗ ಬೇಕಾದವರಿಗೆ ಎಕ್ಸ್‌ಎಲ್‌ಎಲ್ ಎಂಬ ದಾರಿಯಿದೆ. ಸಿ ಅಥವಾ ಸಿ++ನಲ್ಲಿ ಬರೆದು ಕಂಪೈಲ್ ಮಾಡಿದ ಫೈಲು ಅದು. ವಿಬಿಎ ಫಂಕ್ಷನ್‌ಗಳು ಒಂದರ ಹಿಂದೆ ಒಂದು ಓಡಬೇಕು, ಎಕ್ಸ್‌ಎಲ್‌ಎಲ್ ಫಂಕ್ಷನ್‌ಗಳು 2007ರ ನಂತರ ಏಕಕಾಲಕ್ಕೆ ಹಲವು ಕೋರ್‌ಗಳಲ್ಲಿ ಓಡಬಲ್ಲವು. ಗೋವರ್ಟ್ ವಾನ್ ಡ್ರಿಮ್ಮೆಲೆನ್ ಆರಂಭಿಸಿದ ಎಕ್ಸೆಲ್-ಡಿಎನ್‌ಎ ಎಂಬ ಮುಕ್ತ ಯೋಜನೆಯಿಂದ ಸಿ ಶಾರ್ಪ್ ಬಲ್ಲವರೂ ಇಂಥ ಫೈಲು ತಯಾರಿಸಬಹುದು. ಪೈಥಾನ್ ಬಲ್ಲವರಿಗೆ ಎಕ್ಸ್‌ಎಲ್‌ವಿಂಗ್ಸ್ ಮತ್ತು ಪೈಎಕ್ಸ್‌ಎಲ್‌ಎಲ್ ಇವೆ. ವಿಂಡೋಸ್ ಬಿಟ್ಟು ಬೇರೆಡೆ ಎಕ್ಸ್‌ಎಲ್‌ಎಲ್ ನಡೆಯದು, 32 ಬಿಟ್ ಎಕ್ಸೆಲ್‌ಗೂ 64 ಬಿಟ್‌ನದಕ್ಕೂ ಬೇರೆ ಬೇರೆ ಫೈಲು ಬೇಕು. ಬ್ಯಾಂಕಿನ ಅಪಾಯ ಲೆಕ್ಕ ಹಾಕುವ ವಿಭಾಗಕ್ಕೆ, ವಿಮೆಯ ಗಣಿತಜ್ಞರಿಗೆ ಇದು ಸಲ್ಲುತ್ತದೆ. ಸಾಮಾನ್ಯ ಕಚೇರಿಗೆ ಇದರ ಗೊಡವೆ ಬೇಡ.

ಗೂಗಲ್ ಶೀಟ್ಸ್ ಬಳಸುವವರ ಪಾಲಿಗೆ ಆಪ್ಸ್ ಸ್ಕ್ರಿಪ್ಟ್ ಇದೆ. ಭಾಷೆ ಜಾವಾಸ್ಕ್ರಿಪ್ಟ್, ಎಡಿಟರಿನಲ್ಲಿ ಕನ್ನಡ ನೇರವಾಗಿ ಬರೆಯಬಹುದು, ಕೋಡು ಶೀಟಿಗೆ ಅಂಟಿಕೊಂಡೇ ಇರುವುದರಿಂದ ಲಿಂಕ್ ಪಡೆದವರಿಗೆಲ್ಲ ಫಂಕ್ಷನ್ ಸಿಗುತ್ತದೆ. ಒಂದು ಒಳ್ಳೆಯ ಉದಾಹರಣೆ ಎಂದರೆ ಜಿಎಸ್‌ಟಿ ನೋಂದಣಿ ಸಂಖ್ಯೆಯ ತಪಾಸಣೆ. ಆ ಸಂಖ್ಯೆಯಲ್ಲಿ 15 ಅಕ್ಷರಗಳು. ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ ಹತ್ತು ಪ್ಯಾನ್ ಸಂಖ್ಯೆ. ಕೊನೆಯದು ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಇಟ್ಟ ತಪಾಸಣಾ ಅಕ್ಷರ. ಸೊನ್ನೆಯಿಂದ ಒಂಬತ್ತು ಅಂಕಿಗಳಿಗೆ ಅವುಗಳದೇ ಬೆಲೆ, ಇಂಗ್ಲಿಷಿನ 'ಎ'ಯಿಂದ 'ಝಡ್'ವರೆಗೆ 10ರಿಂದ 35. ಒಂದೊಂದು ಬೆಲೆಯನ್ನೂ ಸರದಿಯಂತೆ 1 ಮತ್ತು 2ರಿಂದ ಗುಣಿಸಿ, ಬಂದದ್ದನ್ನು 36ರಿಂದ ಭಾಗಿಸಿ, ಭಾಗಲಬ್ಧ ಮತ್ತು ಶೇಷ ಎರಡನ್ನೂ ಕೂಡುತ್ತ ಹೋಗಬೇಕು. ಒಟ್ಟು ಮೊತ್ತವನ್ನು ಮುಂದಿನ 36ರ ಗುಣಕಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ ಕೊನೆಯ ಅಕ್ಷರದ ಬೆಲೆ. ಸಂಖ್ಯೆ ಟೈಪು ಮಾಡುವಾಗ ಒಂದಕ್ಷರ ತಪ್ಪಿದರೆ ಇಲ್ಲೇ ಸಿಕ್ಕಿಬೀಳುತ್ತದೆ. ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದನ್ನು ಮಾತ್ರ ಇದು ಹೇಳಲಾರದು.

ಈ ಫಂಕ್ಷನ್ನನ್ನು ಎರಡು ಸಾವಿರ ಸಾಲುಗಳ ಪಟ್ಟಿಗೆ ಎಳೆದರೆ ಗೂಗಲ್‌ನ ಸರ್ವರಿಗೆ ಎರಡು ಸಾವಿರ ಕರೆಗಳು ಹೋಗಿ ಶೀಟು 'ಲೋಡಿಂಗ್' ಎನ್ನುತ್ತ ನಿಲ್ಲುತ್ತದೆ. ಇಡೀ ಕಾಲಮ್ಮನ್ನು ಒಂದೇ ಸಲ ಪಡೆದು ಇಡೀ ಉತ್ತರಪಟ್ಟಿಯನ್ನು ಒಂದೇ ಸಲ ಹಿಂತಿರುಗಿಸುವಂತೆ ಬರೆದರೆ ಒಂದು ಕರೆಯಲ್ಲೇ ಮುಗಿಯುತ್ತದೆ. ಪ್ರತಿ ಕರೆ 30 ಸೆಕೆಂಡಿನೊಳಗೆ ಮುಗಿಯಬೇಕು ಎಂಬ ಮಿತಿಯೂ ಇದೆ.

ಎಕ್ಸೆಲ್‌ಗೂ ಜಾವಾಸ್ಕ್ರಿಪ್ಟಿನ ಕಸ್ಟಮ್ ಫಂಕ್ಷನ್‌ಗಳಿವೆ. ವಿಂಡೋಸ್, ಮ್ಯಾಕ್, ಬ್ರೌಸರ್ ಮೂರರಲ್ಲೂ ಓಡುತ್ತವೆ, ಸಂಸ್ಥೆಯ ಎಲ್ಲರಿಗೂ ಒಂದೇ ಕಡೆಯಿಂದ ಹಂಚಬಹುದು, ತಿದ್ದಿದರೆ ಎಲ್ಲರಿಗೂ ತಿದ್ದುಪಡಿ ತಲುಪುತ್ತದೆ. ಆದರೆ ಕೋಡನ್ನು ಇಡಲು ಒಂದು ವೆಬ್ ಸರ್ವರ್ ಬೇಕು, ಮ್ಯಾನಿಫೆಸ್ಟ್ ಎಂಬ ವಿವರಪತ್ರ ಬೇಕು, ನೋಡಿಕೊಳ್ಳಲು ಐಟಿ ವಿಭಾಗ ಬೇಕು. 2023ರಲ್ಲಿ ಘೋಷಣೆಯಾದ ಎಕ್ಸೆಲ್‌ನೊಳಗಿನ ಪೈಥಾನ್ ವಿಶ್ಲೇಷಣೆಗೆ ಬಲವಾದ ಸಾಧನ, ಆದರೆ ಅದರ ಕೋಡು ಓಡುವುದು ಮೈಕ್ರೋಸಾಫ್ಟ್‌ನ ಕ್ಲೌಡಿನಲ್ಲಿ. ದತ್ತಾಂಶ ಕಚೇರಿ ಬಿಟ್ಟು ಹೊರಹೋಗಬಾರದು ಎಂಬ ನಿಯಮ ಇರುವವರು ಮೊದಲು ಅದನ್ನು ಯೋಚಿಸಬೇಕು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಭರವಸೆ ಹುಟ್ಟಿಸಿರುವುದು ಲ್ಯಾಂಬ್ಡಾ. ಇದರ ಬೇರು 2003ರಲ್ಲಿದೆ. ಹ್ಯಾಸ್ಕೆಲ್ ಭಾಷೆಯ ರೂವಾರಿಗಳಲ್ಲಿ ಒಬ್ಬರಾದ ಸೈಮನ್ ಪೇಟನ್ ಜೋನ್ಸ್, ಅಲನ್ ಬ್ಲ್ಯಾಕ್‌ವೆಲ್ ಮತ್ತು ಮಾರ್ಗರೆಟ್ ಬರ್ನೆಟ್ ಒಂದು ಪ್ರಬಂಧ ಬರೆದು, ಸ್ಪ್ರೆಡ್‌ಶೀಟ್ ಬಳಸುವವರು ಬೇರೆ ಪ್ರೋಗ್ರಾಮಿಂಗ್ ಭಾಷೆ ಕಲಿಯದೆ, ತಮಗೆ ಗೊತ್ತಿರುವ ಸೂತ್ರಗಳಿಂದಲೇ ಹೊಸ ಫಂಕ್ಷನ್ ಕಟ್ಟುವಂತಿರಬೇಕು ಎಂದು ವಾದಿಸಿದರು. 2020ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಲ್ಯಾಂಬ್ಡಾ ಫಂಕ್ಷನ್ನನ್ನು ಪರೀಕ್ಷಾರ್ಥವಾಗಿ ಹೊರತಂದಿತು. 2022ರಲ್ಲಿ ಗೂಗಲ್ ಶೀಟ್ಸ್ ಕೂಡ ನೇಮ್ಡ್ ಫಂಕ್ಷನ್ ಎಂದು ಇದೇ ಅನುಕೂಲ ಕೊಟ್ಟಿತು.

ಒಂದು ಬಳಕೆ ನೋಡಿ. 2015ರ ಸೆಪ್ಟೆಂಬರ್ 1ರಿಂದ ನಮ್ಮ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಎಕ್ಸೆಲ್‌ನ ಕೆಲಸದ ದಿನಗಳ ಫಂಕ್ಷನ್ನಿಗೆ ಎಲ್ಲ ಶನಿವಾರ ರಜೆ ಎನ್ನಬಹುದು, ಯಾವ ಶನಿವಾರವೂ ಅಲ್ಲ ಎನ್ನಬಹುದು, 'ಎರಡನೆಯದು, ನಾಲ್ಕನೆಯದು' ಎನ್ನಲು ಬರುವುದಿಲ್ಲ. ಆದರೆ ತಿಂಗಳ ಎರಡನೇ ಶನಿವಾರ 8ರಿಂದ 14ರೊಳಗೆ, ನಾಲ್ಕನೆಯದು 22ರಿಂದ 28ರೊಳಗೆ ಬಿದ್ದೇ ಬೀಳುತ್ತದೆ. ದಿನಾಂಕವನ್ನು 7ರಿಂದ ಭಾಗಿಸಿ ಮೇಲಿನ ಪೂರ್ಣಾಂಕಕ್ಕೆ ಏರಿಸಿದರೆ 2 ಅಥವಾ 4 ಬರುತ್ತದೆಯೇ, ವಾರ ಶನಿವಾರವೇ ಎಂದು ಕೇಳುವ ಒಂದೇ ಸಾಲಿನ ಸೂತ್ರ ಸಾಕು. ಅದನ್ನು ಲ್ಯಾಂಬ್ಡಾದೊಳಗೆ ಸುತ್ತಿ, ನೇಮ್ ಮ್ಯಾನೇಜರಿನಲ್ಲಿ 'ಬ್ಯಾಂಕ್‌ರಜೆ' ಎಂದು ಹೆಸರು ಕೊಟ್ಟರೆ ಅಲ್ಲಿಂದಾಚೆಗೆ ಅದೂ ಒಂದು ಫಂಕ್ಷನ್. ಮ್ಯಾಕ್ರೋ ಇಲ್ಲ, ಎಚ್ಚರಿಕೆ ಇಲ್ಲ, ಬ್ರೌಸರಿನಲ್ಲೂ ಓಡುತ್ತದೆ, ಫೈಲಿನ ಜೊತೆಗೇ ಹೋಗುತ್ತದೆ. ಓದುವವರೂ ಮಾರುದ್ದದ ಸೂತ್ರ ಬಿಡಿಸುವ ಬದಲು ಹೆಸರು ನೋಡಿ ಅರ್ಥಮಾಡಿಕೊಳ್ಳುತ್ತಾರೆ. ಕೊರತೆಯೂ ಅಲ್ಲೇ ಇದೆ. ಪ್ರತಿ ಫೈಲಿನಲ್ಲೂ ಒಂದೊಂದು ಪ್ರತಿ, ಒಂದನ್ನು ತಿದ್ದಿದರೆ ಉಳಿದವು ಹಳೆಯವಾಗಿಯೇ ಉಳಿಯುತ್ತವೆ. ಹಳೆಯ ಎಕ್ಸೆಲ್ ಇರುವ ಕಚೇರಿಗಳಲ್ಲಿ ಲ್ಯಾಂಬ್ಡಾ ಇಲ್ಲವೇ ಇಲ್ಲ.

ಲಿಬ್ರೆಆಫೀಸ್ ಕ್ಯಾಲ್ಕ್ ಬಳಸುವವರು ಬೇಸಿಕ್ ಭಾಷೆಯಲ್ಲಿ ಫಂಕ್ಷನ್ ಬರೆದು ಕಡತದೊಳಗೇ ಇಡಬಹುದು. ವಿಧಿವತ್ತಾದ ಆಡ್‌-ಇನ್ ಬೇಕೆಂದರೆ ಪೈಥಾನ್, ಜಾವಾ ಅಥವಾ ಸಿ++ನಲ್ಲಿ ಬರೆದು ಎಕ್ಸ್‌ಟೆನ್ಷನ್ ಆಗಿ ಕಟ್ಟಬೇಕು. ಫಂಕ್ಷನ್ನಿನ ವಿವರಣೆಯನ್ನು ಬಳಕೆದಾರರ ಭಾಷೆಗೆ ತಕ್ಕಂತೆ ತೋರಿಸುವ ಏರ್ಪಾಡು ಅದರಲ್ಲಿದೆ. ಹನ್‌ಸ್ಪೆಲ್ ಎಂಬ ಕಾಗುಣಿತ ಪರೀಕ್ಷಕದಿಂದ ಹೆಸರಾದ ಹಂಗೇರಿಯ ಲಾಸ್ಲೊ ನೇಮೆತ್ ಸಂಖ್ಯೆಗಳನ್ನು ಪದಗಳಿಗಿಳಿಸುವ ನಂಬರ್‌ಟೆಕ್ಸ್ಟ್ ಎಂಬ ಆಡ್‌-ಇನ್ ಮಾಡಿದರು. ಭಾಷೆಗೊಂದು ಬೇರೆ ಪ್ರೋಗ್ರಾಮ್ ಬರೆಯುವ ಬದಲು, ಭಾಷೆಗೊಂದು ನಿಯಮಗಳ ಪಟ್ಟಿಯನ್ನು ಸಾದಾ ಪಠ್ಯ ಕಡತದಲ್ಲಿ ಇಡುವ ಕ್ರಮ ಅವರದು. ರೂಪಾಯಿಯ ಫಂಕ್ಷನ್ ಬರೆಯುವವರೆಲ್ಲ ಮೊದಲು ನೋಡಬೇಕಾದ ಕೆಲಸ ಇದು.

ಯಾವ ದಾರಿ ಹಿಡಿದರೂ ಪರೀಕ್ಷೆ ತಪ್ಪಿಸುವಂತಿಲ್ಲ. 2012ರಲ್ಲಿ ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನ ಲಂಡನ್ ವಿಭಾಗ 600 ಕೋಟಿ ಡಾಲರಿಗೂ ಮಿಕ್ಕಿ ನಷ್ಟ ಮಾಡಿಕೊಂಡಿತು. ಮರುವರ್ಷ ಬ್ಯಾಂಕೇ ಹೊರಡಿಸಿದ ತನಿಖಾ ವರದಿಯ ಪ್ರಕಾರ, ಅಪಾಯ ಅಳೆಯುವ ಮಾದರಿ ನಡೆಯುತ್ತಿದ್ದದ್ದು ಎಕ್ಸೆಲ್ ಶೀಟುಗಳ ನಡುವೆ ಕೈಯಿಂದ ಕಾಪಿ-ಪೇಸ್ಟ್ ಮಾಡುವುದರ ಮೇಲೆ. ಅದರ ಒಂದು ಸೂತ್ರ ಸರಾಸರಿಯಿಂದ ಭಾಗಿಸಬೇಕಾದಲ್ಲಿ ಮೊತ್ತದಿಂದ ಭಾಗಿಸಿ ಅಪಾಯವನ್ನು ಕಡಿಮೆ ತೋರಿಸಿತ್ತು. ಸೂತ್ರಕ್ಕೆ ಒಂದು ಹೆಸರಿದ್ದು, ಉತ್ತರ ಮೊದಲೇ ಗೊತ್ತಿರುವ ಕೆಲವು ಸಂಖ್ಯೆಗಳನ್ನು ಅದಕ್ಕೆ ಕೊಟ್ಟು ನೋಡುವ ಪದ್ಧತಿ ಇದ್ದಿದ್ದರೆ ಇಂಥ ತಪ್ಪು ಬೇಗ ಕಣ್ಣಿಗೆ ಬೀಳುತ್ತಿತ್ತು. ಅಕ್ಷರದ ಫಂಕ್ಷನ್ನಿಗೆ ಪರೀಕ್ಷಾ ಶೀಟು ಮಾಡುವವರು ಸೊನ್ನೆ, ಬರೀ ಪೈಸೆ, 100 ಮತ್ತು 101, 1,00,000 ಮತ್ತು 1,00,001, 214 ಕೋಟಿ ದಾಟಿದ ಒಂದು ಮೊತ್ತ, ಋಣ ಸಂಖ್ಯೆ, ಖಾಲಿ ಸೆಲ್ ಇಷ್ಟನ್ನಾದರೂ ಸೇರಿಸಿ, ಪಕ್ಕದಲ್ಲಿ ಸರಿಯುತ್ತರವನ್ನು ಕೈಯಿಂದ ಬರೆದಿಡಬೇಕು.

ನಿಯಮ ಬದಲಾಗುವ ಫಂಕ್ಷನ್‌ಗಳ ಪಾಡು ಇನ್ನೂ ಸೂಕ್ಷ್ಮ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. 12 ಮತ್ತು 28 ಶೇಕಡಾ ದರದಲ್ಲಿದ್ದ ಬಹುಪಾಲು ಸರಕುಗಳು 5 ಅಥವಾ 18 ಶೇಕಡಾಕ್ಕೆ ಬಂದವು. ದರವನ್ನು ಕೋಡಿನೊಳಗೇ ಬರೆದಿದ್ದ ಆಡ್‌-ಇನ್ನನ್ನು ಅಂದು ತಿದ್ದದೆ ಬಿಟ್ಟರೆ ಹೊಸ ಬಿಲ್ಲು ತಪ್ಪುತ್ತದೆ. ತಿದ್ದಿದರೆ, ಹೋದ ವರ್ಷದ ಫೈಲನ್ನು ಮತ್ತೆ ಲೆಕ್ಕ ಹಾಕಿಸಿದ ದಿನ ಹಳೆಯ ಬಿಲ್ಲುಗಳ ತೆರಿಗೆಯೂ ಬದಲಾಗಿಬಿಡುತ್ತದೆ, ಸಲ್ಲಿಸಿದ ರಿಟರ್ನಿಗೂ ಶೀಟಿಗೂ ತಾಳೆ ತಪ್ಪುತ್ತದೆ. ಆದ್ದರಿಂದ ಅಂಥ ಫಂಕ್ಷನ್ ಸರಕಿನ ಸಂಕೇತದ ಜೊತೆಗೆ ಬಿಲ್ಲಿನ ದಿನಾಂಕವನ್ನೂ ಕೇಳಬೇಕು. ದರಗಳು ಕೋಡಿನ ಹೊರಗೆ, ಜಾರಿಗೆ ಬಂದ ದಿನಾಂಕ ಮತ್ತು ಅಧಿಸೂಚನೆಯ ಸಂಖ್ಯೆಯ ಸಮೇತ ಒಂದು ಪಟ್ಟಿಯಲ್ಲಿರಬೇಕು. ಕೋಡಿಗೆ ಪಾಸ್‌ವರ್ಡ್ ಹಾಕಿ ಮುಚ್ಚಿಡುವ ಅಭ್ಯಾಸ ಬಿಡುವುದು ಒಳ್ಳೆಯದು. ವಿಬಿಎಯ ಆ ಬೀಗ ಮುರಿಯಲು ಗೊತ್ತಿರುವವರನ್ನು ತಡೆಯುವುದಿಲ್ಲ. ತಡೆಯುವುದು, ಬರೆದವರು ಕೆಲಸ ಬಿಟ್ಟು ಹೋದ ಮೇಲೆ ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸಲು ಕುಳಿತ ಪಕ್ಕದ ಮೇಜಿನವರನ್ನು.